ಶುಂಠಿ ಗೋದಾಮಿನ ಕೇಳುಗರು

ಹೊಸ ಆಲ್ಬಮ್ಮಿನ ಬಗ್ಗೆ ನಿಕಿತಾಳಿಗೆ ಎಲ್ಲರ ಅಭಿಪ್ರಾಯವೂ ಬೇಕಿತ್ತು. ಆದರೆ ಯಾರ ಅಭಿಪ್ರಾಯ ಕೇಳಿಯೂ ಒಂದು ಸ್ವರವನ್ನು ಆಚೀಚೆ ಮಾಡುವ ಉದ್ದೇಶ ಅವಳಿಗಿರಲಿಲ್ಲ. ಹಾಡುಗಳು ಚೆನ್ನಾಗಿವೆ ಎಂದು ಅವಳಿಗೆ ಗೊತ್ತಿತ್ತು. ಹಾಗಾದರೆ ಕೇಳುವುದು ಯಾಕೆ ಎಂದರೆ, ಮದುವೆ ಊಟದಲ್ಲಿ ಅಡುಗೆಯವರು ಸೌಟು ಹಿಡಿದೇ ಪಂಕ್ತಿಯ ನಡುವೆ ಬಂದು "ಸಾರು ಹೇಗುಂಟು?" ಎಂದು ಕೇಳುತ್ತಾರಲ್ಲ, ಹಾಗೆ. ಸಾರು ಹೇಗಿದೆ ಎಂದು ಅವರಿಗೆ ಗೊತ್ತಿಲ್ಲದೆ ಅಲ್ಲ.

ವಾರವಿಡೀ ಅವಳು ತಿರುವನಂತಪುರದ ಶ್ರೀಕಾರ್ಯಂನಲ್ಲಿ, ಗೆಡ್ಡೆಗೆಣಸುಗಳ ಸಂಶೋಧನಾ ಸಂಸ್ಥೆಯಲ್ಲಿ ಪ್ರಾಜೆಕ್ಟ್ ಅಸಿಸ್ಟೆಂಟ್. ಮರಗೆಣಸಿನ ಕಡ್ಡಿಗಳನ್ನು ತುಂಡು ಮಾಡಿ, ನೆಟ್ಟು, ಚಿಗುರು ಬಂತೇ ಎಂದು ನೋಡುವುದು ಕೆಲಸ. ಭಾನುವಾರ ಬಂದರೆ ಕೊಚ್ಚಿಯ ಮಟ್ಟಾಂಚೇರಿಯಲ್ಲಿ ಅವಳು 'ಕಪ್ಪ ನಿಕ್ಕಿ'. ಮರಗೆಣಸಿಗೆ ಮಲಯಾಳದಲ್ಲಿ ಕಪ್ಪ ಎನ್ನುತ್ತಾರೆ. ಹೆಸರಿಟ್ಟವರು ಗೇಲಿಗೆಂದು ಇಟ್ಟದ್ದು; ಅವಳು ಅದನ್ನೇ ಪೋಸ್ಟರಿನಲ್ಲಿ ದೊಡ್ಡದಾಗಿ ಹಾಕಿಸಿಕೊಂಡಳು. ಹಾಡುವುದು ರೆಗೆ ಮತ್ತು ಡ್ಯಾನ್ಸ್‌ಹಾಲ್. ಜಮೈಕಾ ದ್ವೀಪದಲ್ಲಿ ಹುಟ್ಟಿದ ಈ ಹಾಡಿಗೆ ಮುಖ್ಯವಾಗಿ ಬೇಕಾದ್ದು ಎದೆಗೆ ಬಡಿಯುವ ಬೇಸ್, ಅದರ ಮೇಲೆ ಪಟಪಟನೆ ಓಡುವ ನಾಲಿಗೆ, ಮತ್ತು ತನ್ನನ್ನು ತಾನು ಹೊಗಳಿಕೊಳ್ಳಲು ನಾಚದ ಮನಸ್ಸು. ಕೊನೆಯದನ್ನು ಅವಳು ಯಾರಿಂದಲೂ ಕಲಿಯಬೇಕಾಗಿರಲಿಲ್ಲ.

ಆಲ್ಬಮ್ಮಿನ ಹಾಡುಗಳೆಲ್ಲ ಮಲಯಾಳದವು, ಒಂದನ್ನು ಬಿಟ್ಟು. ಕೊನೆಯ ಆ ಒಂದು ಕನ್ನಡದ್ದು, ಹೆಸರು 'ಕಡ್ಡಿ'. ಕಾಸರಗೋಡಿನ ಬದಿಯಡ್ಕದ ಕನ್ನಡ ಶಾಲೆಯಲ್ಲಿ ಓದಿದವಳು ಇಷ್ಟು ವರ್ಷ ಹಾಡಿದರೂ ಸ್ವಂತ ಮಾತಿನಲ್ಲಿ ಜಂಬ ಕೊಚ್ಚಿಕೊಂಡದ್ದು ಇದೇ ಮೊದಲು. ಹಾಡಿನಲ್ಲಿ ಮಾತಾಡುವುದು ಮರಗೆಣಸಿನ ಕಡ್ಡಿಯೇ.

'ಕಡಿ ನನ್ನ, ತುಂಡು ಮಾಡು, ಊರು ಎಲ್ಲಿ ಬೇಕೋ ಅಲ್ಲಿ,
ಒಂದೆರಡು ಮಳೆ ಬೀಳಲಿ, ಆಮೇಲೆ ಮಾತಾಡುವ ನಾವು.'

ಬೇರೆ ಯಾವ ಹಾಡು ಹೋದರೂ ಇದು ಹೋಗಬಾರದು ಎಂದು ಅವಳು ಮನಸ್ಸಿನಲ್ಲೇ ಗಂಟು ಹಾಕಿಕೊಂಡಿದ್ದಳು. ಹೋಗುವ ಅಪಾಯ ಇದ್ದದ್ದು ಇದಕ್ಕೇ.

ಹಾಡುಗಳನ್ನು ಬೇಕಾದವರ ಫೋನಿಗೆ ಕಳಿಸಿದ್ದಳು. ಅಭಿಪ್ರಾಯಗಳು ಬಂದವು. ಇಂಜಿನಿಯರಿಂಗ್ ಕಾಲೇಜಿನ ಹಾಸ್ಟೆಲಿನಲ್ಲಿದ್ದ ಮೈಸೂರಿನ ಹುಡುಗ ರಂಜಿತ್, "ಸೌಂಡ್ ಸಖತ್ತಾಗಿದೆ ಅಕ್ಕ, ಆದ್ರೆ ನೀವು ಇನ್ನೂ ಸ್ವಲ್ಪ ಕೋಪ ಮಾಡ್ಕೋಬೇಕಿತ್ತು" ಎಂದ. ಸಂಸ್ಥೆಯ ಸಹೋದ್ಯೋಗಿ ನಿಶಾ, ಕೋಪ ಸ್ವಲ್ಪ ಜಾಸ್ತಿಯಾಯಿತು ಎಂದಳು. ಊರಿನಿಂದ ಅಮ್ಮ ಫೋನು ಮಾಡಿ, "ಎಂತ ಹಾಡೋ ನಂಗೆ ಗೊತ್ತಾಗುದಿಲ್ಲ ಮಗಾ. ಸ್ವರ ಮಾತ್ರ ನಿಂದೇ. ಚಿಕ್ಕದಿರುವಾಗ ಊಟ ಬೇಡ ಹೇಳಿ ಕಿರುಚ್ತಿದ್ದ ಅದೇ ಸ್ವರ" ಎಂದರು. ನಿಕಿತಾ ಇದನ್ನು ಹೊಗಳಿಕೆಗೆ ಸೇರಿಸಿಕೊಂಡಳು.

ಉಳಿದದ್ದು ಮನೆಯ ಯಜಮಾನರ ಅಭಿಪ್ರಾಯ. ಉಳ್ಳೂರಿನಲ್ಲಿ ಅವಳು ಬಾಡಿಗೆಗಿದ್ದದ್ದು ಜನಾರ್ದನ ಮತ್ತು ವಿಜಯಾ ಎಂಬ ಗದಗಿನ ಕಡೆಯ ದಂಪತಿಯ ಮಹಡಿಯಲ್ಲಿ. ಜನಾರ್ದನ ಬ್ಯಾಂಕಿನಿಂದ ನಿವೃತ್ತರಾಗಿದ್ದರು. ವರ್ಗಾವಣೆಯಲ್ಲಿ ಕೇರಳಕ್ಕೆ ಬಂದವರು ಇಲ್ಲೇ ನಿಂತುಬಿಟ್ಟಿದ್ದರು. ಮೊದಲ ದಿನವೇ, "ಅಂಕಲ್ ಅನಬ್ಯಾಡವಾ, ಲೋನ್ ಕೇಳಾಕ ಬಂದಂಗ ಅನಸತೈತಿ. ಕಾಕಾ ಅನ್ನು" ಎಂದಿದ್ದರು. ಅಂದಿನಿಂದ ಅವರು ಕಾಕಾ, ವಿಜಯಾ ಕಾಕು.

ಸಂಜೆ ಕೆಳಗಿಳಿದು ಬಂದವಳಿಗೆ ಕಾಕಾ ನೇರವಾಗಿಯೇ ಹೇಳಿದರು. "ಮಾತು ಒಂದೂ ಕಿವಿಗೆ ಬೀಳಂಗಿಲ್ಲ ತಂಗಿ. ಆ ಗುಂ ಗುಂ ಐತೆಲ್ಲ, ಅದು ಎಲ್ಲಾ ನುಂಗಿ ಹಾಕತೈತಿ. ಕಡೀದು ಕನ್ನಡ ಅಂತಿ. ಇರಬಹುದು."

"ಮಾತು ಕೇಳ್ಬೇಕಾದ್ರೆ ವಾರ್ತೆ ಕೇಳಿ ಕಾಕಾ. ಇದು ಎದೆಯಲ್ಲಿ ಕೇಳುವಂಥದ್ದು."

"ನನ್ನ ಎದಿಯೊಳಗ ಆಗಲೇ ಸ್ಟೆಂಟ್ ಹಾಕ್ಯಾರ. ಇನ್ನ ನಿನ್ನ ಹಾಡಿಗೆ ಜಾಗ ಎಲ್ಲೈತಿ?"

ಅಡುಗೆಮನೆಯಿಂದ ಟಪ್ ಟಪ್ ಸದ್ದು ಬರುತ್ತಿತ್ತು. ಕಾಕು ಜೋಳದ ರೊಟ್ಟಿ ಬಡಿಯುತ್ತಿದ್ದರು. ಅಲ್ಲಿಂದಲೇ ಹೇಳಿದರು: "ಮಾತು ತಗೊಂಡು ಏನ್ ಮಾಡ್ತೀರಿ? ಆ ನಿಧಾನದ್ದು ಛಲೋ ಐತಿ. ಅಕಿ ಮ್ಯಾಲೆ ಹಾಡಾಕತ್ತಾಗ ನಾ ಇಲ್ಲಿ ಅದಕ್ಕ ಸರಿಯಾಗಿ ರೊಟ್ಟಿ ಬಡಿತೀನಿ. ಕೈ ತಪ್ಪಂಗಿಲ್ಲ."

ನಿಕಿತಾ ಬಾಗಿಲಿಗೆ ಬಂದು ನೋಡಿದಳು. ನಿಜ. ಮನಸ್ಸಿನಲ್ಲೇ ಹಾಡು ಓಡಿಸಿ ನೋಡಿದರೆ, ಬೇಸ್ ಬೀಳುವ ಕಡೆ ಬಿಟ್ಟು, ಅದರ ಪಕ್ಕದಲ್ಲಿ ಕಾಕುವಿನ ಅಂಗೈ ಬೀಳುತ್ತಿತ್ತು. ರೆಗೆಯಲ್ಲಿ ಗಿಟಾರು ಮಾಡುವ ಕೆಲಸ ಅದೇ. ಅವಳಿಗೆ ಇದನ್ನು ಹಿಡಿಯಲು ಒಂದು ಮಳೆಗಾಲ ಪೂರ್ತಿ ಬೇಕಾಗಿತ್ತು.

"ಭಾನುವಾರ ನೀವಿಬ್ರೂ ಕೊಚ್ಚಿಗೆ ಬರ್ತೀರಿ," ಎಂದಳು. ಕೇಳಿದ್ದಲ್ಲ, ಹೇಳಿದ್ದು. "ಮಾತು ಕೇಳ್ತದೋ ಇಲ್ವೋ ಅಲ್ಲಿ ನೋಡುವ."

ಆ ಭಾನುವಾರ ಯಾಕೆ ಮುಖ್ಯ ಎಂಬುದಕ್ಕೆ ವಿಲ್ಸನ್‌ನ ಪದ್ಧತಿಯ ಬಗ್ಗೆ ಹೇಳಬೇಕು. ಮಟ್ಟಾಂಚೇರಿಯಲ್ಲಿ ಹಿಂದೆ ಒಣಶುಂಠಿ ತುಂಬಿಡುತ್ತಿದ್ದ ಗೋದಾಮೊಂದನ್ನು ವಿಲ್ಸನ್ ಬಾಡಿಗೆಗೆ ಹಿಡಿದಿದ್ದ. ಚರ್ಚಿನ ಹಬ್ಬಗಳಿಗೂ ಮದುವೆಗಳಿಗೂ ಸ್ಪೀಕರ್ ಪೆಟ್ಟಿಗೆ ಕೊಡುವವನು. ಭಾನುವಾರ ಮಧ್ಯಾಹ್ನ ಮಾತ್ರ ಆ ಪೆಟ್ಟಿಗೆಗಳನ್ನು ತನಗಾಗಿ ಜೋಡಿಸಿ ರೆಗೆ ಹಾಕುತ್ತಿದ್ದ. ನಿಕಿತಾಳ ಹಾಡುಗಳಿಗೆ ತಾಳ, ಬೇಸ್ ಎಲ್ಲ ಮಾಡಿಕೊಟ್ಟವನೂ ಅವನೇ. ಜಮೈಕಾದ ರೂಢಿಯೊಂದನ್ನು ಅವನು ಗೋದಾಮಿನಲ್ಲಿ ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದ. ಹಾಡು ನಡೆಯುತ್ತಿರುವಾಗಲೇ ಕೇಳುಗರಿಗೆ ಅದು ಬಹಳ ಹಿಡಿಸಿದರೆ ಅವರು ಗೋಡೆಯನ್ನೋ ಬಾಗಿಲನ್ನೋ ಅಂಗೈಯಿಂದ ಬಡಿಯುತ್ತಾರೆ. ಆಗ ಹಾಡನ್ನು ಅಲ್ಲಿಗೇ ನಿಲ್ಲಿಸಿ ಮೊದಲಿನಿಂದ ಶುರು ಮಾಡಬೇಕು. ಅರ್ಧಕ್ಕೆ ನಿಲ್ಲಿಸುವುದೇ ಅಲ್ಲಿ ಮರ್ಯಾದೆ.

ಈ ರೂಢಿಗೆ ವಿಲ್ಸನ್ ತನ್ನದೊಂದು ಬಾಲ ಸೇರಿಸಿದ್ದ. ಗೋಡೆ ಬಡಿಸಿಕೊಂಡು ಒಮ್ಮೆಯಾದರೂ ಮೊದಲಿನಿಂದ ಶುರುವಾಗದ ಹಾಡು ಆಲ್ಬಮ್ಮಿಗೆ ಇಲ್ಲ. ತನ್ನದೇ ಹಾಡುಗಳನ್ನು ಅವನು ಹೀಗೆ ಕಿತ್ತುಹಾಕಿದ್ದುಂಟು. ಆರಂಭದಲ್ಲಿ ನಿಕಿತಾ ಒಪ್ಪಿದ್ದಳು; ಗೋಡೆ ಬಡಿಸಿಕೊಳ್ಳದ ಹಾಡನ್ನು ತಾನು ಬರೆಯಲಾರೆ ಎಂಬ ಭರವಸೆಯಿತ್ತು. ಉಳಿದವೆಲ್ಲ ಗೆದ್ದೂ ಆಗಿತ್ತು. 'ಕಡ್ಡಿ' ಮಾತ್ರ ಉಳಿದಿತ್ತು. ಬರುವ ಶುಕ್ರವಾರ ಆಲ್ಬಮ್ ಬಿಡುಗಡೆ. ಈ ಭಾನುವಾರವೇ ಕೊನೆಯದು.

"ಇಲ್ಲಿಯವರಿಗೆ ಮಾತು ಅರ್ಥ ಆಗುವುದಿಲ್ಲ ಮಗಳೇ," ಎಂದು ವಿಲ್ಸನ್ ಫೋನಿನಲ್ಲಿ ಮಲಯಾಳದಲ್ಲಿ ಹೇಳಿದ. "ಅದೂ ನಿಧಾನದ ಹಾಡು. ಅವಮಾನ ಆಗುವುದಕ್ಕಿಂತ ನೀನೇ ತೆಗೆದುಬಿಡು."

"ಜಮೈಕಾದ ಮಾತು ನಿಮಗೆ ಅರ್ಥ ಆಗುತ್ತದಾ ಚೇಟ್ಟಾ?" ಎಂದಳು. ಅಣ್ಣನಿಗೆ ಮಲಯಾಳದಲ್ಲಿ ಚೇಟ್ಟ.

"ಅರ್ಧ," ಎಂದ.

"ಹಾಗಾದರೆ ಭಾನುವಾರ ಸಿಗುವ. ನಮ್ಮ ಕಾಕಾನನ್ನೂ ಕರೆತರುತ್ತೇನೆ. ಎದೆಗೆ ಸ್ಟೆಂಟ್ ಹಾಕಿದ್ದಾರೆ. ಪೆಟ್ಟಿಗೆಗಳಿಂದ ದೂರ ಒಂದು ಕುರ್ಚಿ ಇಡಿ."

ಭಾನುವಾರ ಬೆಳಗಿನ ರೈಲಿನಲ್ಲಿ ನಾಲ್ವರೂ ಹೊರಟರು. ರಂಜಿತ್ ಕೂಡ ಬಂದಿದ್ದ. ಕಾಕು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡಿದ್ದರು. ಕಿಟಕಿಯ ಪಕ್ಕ ಕೂತ ಕಾಕಾ ಇಸ್ತ್ರಿ ಮಾಡಿದ ಬಿಳಿ ಪಂಚೆಯಲ್ಲಿ ಹೆಣ್ಣು ನೋಡಲು ಹೊರಟವರಂತೆ ಕಾಣುತ್ತಿದ್ದರು. ದಾರಿಯುದ್ದಕ್ಕೂ ಗದಗಿನ ನಾಟಕ ಕಂಪನಿಗಳ ಸುದ್ದಿ. ತಗಡಿನ ಥಿಯೇಟರು, ರಂಗದ ಮುಂದೆ ನೆಲದಲ್ಲಿ ಕೂರುವ ಜಾಗ, ಹಾಡು ಹಿಡಿಸಿದರೆ ಜನ ಮುಗಿಯುವ ತನಕ ಉಸಿರು ಬಿಗಿಹಿಡಿದು ಕೂತು ಆಮೇಲೆ 'ಒನ್ಸ್ ಮೋರ್' ಎಂದು ಕೂಗುತ್ತಿದ್ದದ್ದು, ಸತ್ತು ಬಿದ್ದ ಪಾತ್ರವೂ ಎದ್ದು ಇನ್ನೊಮ್ಮೆ ಹಾಡಿ ಮತ್ತೆ ಸಾಯುತ್ತಿದ್ದದ್ದು.

"ಹಾಡು ಸೇರಲಿಲ್ಲ ಅಂದ್ರ?" ಎಂದು ರಂಜಿತ್ ಅವರಂತೆಯೇ ಕೇಳಲು ನೋಡಿದ.

"ಸೇರಲಿಲ್ಲ ಅಂದ್ರ ತಗಡು ಬಡಿಯೋದು. ನಡುವ ಹಾಡಿನ್ಯಾಗ. ಧಡ ಧಡ ಧಡ. ಪಾಪ, ಹಾಡೋ ಹೆಣ್ಮಗಳು ಮುಖ ಮುಚಿಗೊಂಡು ಒಳಗ ಹೋಗಬೇಕು."

ನಿಕಿತಾ ಇದನ್ನು ಕೇಳಲಿಲ್ಲ. ಅವಳ ಕಿವಿಯಲ್ಲಿ ಇಯರ್‌ಫೋನಿತ್ತು. 'ಕಡ್ಡಿ'ಯ ಮೂರನೆಯ ಚರಣವನ್ನು ತಾನೇ ಕೇಳಿಕೊಂಡು ತಾನೇ ತಲೆದೂಗುತ್ತಿದ್ದಳು. ಕೇಳಿದ್ದರೆ ಎರಡು ಮಾತಿನಲ್ಲಿ ಗೋದಾಮಿನ ರೂಢಿ ವಿವರಿಸಿಬಿಡುತ್ತಿದ್ದಳು.

ಎರ್ನಾಕುಳಂನಲ್ಲಿ ಇಳಿದು ಬೋಟು ಹಿಡಿದು ಮಟ್ಟಾಂಚೇರಿ ತಲಪುವಾಗ ಗೋದಾಮು ತುಂಬಿತ್ತು. ಬೋಟಿನ ಕೆಲಸದವರು, ಕಾಲೇಜಿನವರು, ಸಾಂಬಾರ ವ್ಯಾಪಾರಿಗಳ ಮನೆಯ ಹುಡುಗಿಯರು, ದಾರಿ ತಪ್ಪಿ ಬಂದಂತಿದ್ದ ಒಂದಿಬ್ಬರು ಪ್ರವಾಸಿಗಳು. ಬೇಸ್ ಬಿದ್ದಾಗಲೆಲ್ಲ ಗೋಡೆಯ ಸಂದಿಗಳಿಂದ ಹಳೆಯ ಶುಂಠಿಯ ಘಾಟು ಮೆಲ್ಲಗೆ ಹೊರಬರುತ್ತಿತ್ತು. ಕಾಕು ಎರಡು ಸಲ ಸೀನಿದರು. ಕಾಕಾನಿಗೆ ಹಿಂದಿನ ಬಾಗಿಲ ಪಕ್ಕ ಕುರ್ಚಿ ಹಾಕಿತ್ತು.

"ಇವ್ರೆಲ್ಲಾ ನಿಂತ ಕೇಳ್ತಾರೇನು?" ಎಂದು ಅವರು ರಂಜಿತ್‌ನನ್ನು ಕೇಳಿದರು.

"ಕುಣೀತಾ ಕೇಳ್ತಾರೆ ಅಂಕಲ್."

"ನಂಗ ಕುರ್ಚಿ ಇರಲಿ."

ನಿಕಿತಾ ಮೈಕು ಹಿಡಿದಳು. ಮಲಯಾಳದಲ್ಲಿ ಹೇಳಿದಳು: "ಇದು ನನ್ನ ಭಾಷೆಯ ಹಾಡು. ನಿಮಗೆ ಅರ್ಥ ಆಗುವುದಿಲ್ಲ. ಚಿಂತೆ ಬೇಡ, ನಾನು ಎಷ್ಟು ದೊಡ್ಡವಳು ಅಂತ ಹೇಳುತ್ತಿದ್ದೇನೆ, ಅಷ್ಟೇ." ಜನ ನಕ್ಕರು. ವಿಲ್ಸನ್ ನಗಲಿಲ್ಲ, ತಾಳ ಬಿಟ್ಟ.

ಮೊದಲ ಸಾಲಿಗೆ ಏನೂ ಆಗಲಿಲ್ಲ. ಎರಡನೆಯದಕ್ಕೆ ಮುಂದೆ ನಿಂತವರ ಸೊಂಟಗಳು ಅಲುಗಿದವು. 'ಆಮೇಲೆ ಮಾತಾಡುವ ನಾವು' ಎಂದು ಅವಳು ಕೊನೆಯ ಪದವನ್ನು ಎಳೆದು, ಬೇಸ್‌ನ ಮೇಲೆ ಕಲ್ಲಿಟ್ಟಂತೆ ಇಟ್ಟಳು. ಎಡಗಡೆಯ ಗೋಡೆಯಲ್ಲಿ ಯಾರೋ ಬಡಿದರು. ಪಕ್ಕದವನೂ ಬಡಿದ. ಬಾಗಿಲ ಹಲಗೆಯ ಮೇಲೆ ಇನ್ನೊಂದು ಕೈ ಬಿತ್ತು. ಧಡ ಧಡ ಧಡ. ನಿಕಿತಾಳ ಮೈ ಜುಮ್ಮೆಂದಿತು. ವಿಲ್ಸನ್‌ನ ಕೈ ನಿಲ್ಲಿಸುವ ಗುಂಡಿಯ ಕಡೆಗೆ ಹೊರಟದ್ದನ್ನು ಅವಳು ಕಂಡಳು.

ಅದೇ ಕ್ಷಣ ಹಿಂದಿನಿಂದ ಬಿಳಿ ಪಂಚೆಯೊಂದು ಗುಂಪನ್ನು ಸೀಳಿಕೊಂಡು ಬಂತು. ಕಾಕಾ. ಒಂದು ಕೈ ಮೇಲೆ, ಇನ್ನೊಂದು ಎದೆಯ ಮೇಲೆ. ಮುಖ ಕೆಂಪಾಗಿತ್ತು.

"ಬಡೀಬ್ಯಾಡ್ರಿ," ಎಂದರು, ಬ್ಯಾಂಕಿನಲ್ಲಿ ಗದ್ದಲ ಅಡಗಿಸುತ್ತಿದ್ದ ದನಿಯಲ್ಲಿ. "ಹುಡುಗಿ ಹಾಡಾಕತ್ಯಾಳ. ಪೂರ್ತಿ ಕೇಳ್ರಿ. ಸೇರಲಿಲ್ಲ ಅಂದ್ರ ಎದ್ದು ಹೋಗ್ರಿ, ಹಿಂಗ ಬಡೀಬ್ಯಾಡ್ರಿ."

ಆ ಕನ್ನಡ ಅಲ್ಲಿ ಯಾರಿಗೆ ತಿಳಿಯಬೇಕು? ಕಂಡದ್ದು ಎದೆಯ ಮೇಲೆ ಕೈಯಿಟ್ಟ ಒಬ್ಬ ಹಿರಿಯ. ಸ್ಟೆಂಟಿನ ಮಾತು ನೆನಪಾಗಿ ವಿಲ್ಸನ್ ಬೆಚ್ಚಿಬಿದ್ದ. ನಿಲ್ಲಿಸುವ ಗುಂಡಿಯನ್ನು ಬಿಟ್ಟು ಬೇಸ್‌ನ ಗುಂಡಿಯನ್ನು ಪೂರ್ತಿ ಕೆಳಗೆ ತಿರುಗಿಸಿದ. ಬಡಿಯುತ್ತಿದ್ದ ಕೈಗಳು ತಾವಾಗಿ ಕೆಳಗಿಳಿದವು. ಗೋದಾಮು ಒಮ್ಮೆಗೇ ಖಾಲಿಯಾದಂತೆ ಕೇಳಿಸಿತು; ಉಳಿದದ್ದು ಸಣ್ಣಗೆ ಟಿಕಟಿಕ ಎನ್ನುವ ತಾಳ ಮತ್ತು ನಿಕಿತಾಳ ಸ್ವರ.

ಅವಳು ನಿಲ್ಲಿಸಲಿಲ್ಲ. ಕಾಕಾನ ಕಾಲುಗಳು ನೆಟ್ಟಗೆ ನಿಂತಿವೆ, ಕಣ್ಣು ತನ್ನ ಮೇಲಿದೆ ಎಂದು ನೋಡಿಕೊಂಡಳು. ಹಾಡನ್ನು ನಡುವೆ ಬಿಟ್ಟು ಇಳಿಯುವುದು ಅವಳ ಸ್ವಭಾವದಲ್ಲಿರಲಿಲ್ಲ. ಎರಡನೆಯ ಚರಣ ಹಾಡಿದಳು, ಮೂರನೆಯದನ್ನೂ ಹಾಡಿದಳು. ತನ್ನ ಪದಗಳನ್ನು ಹೀಗೆ ಬರಿಮೈಯಲ್ಲಿ ಅವಳು ಎಂದೂ ಕೇಳಿರಲಿಲ್ಲ. ಕಾಕಾ ಕದಲದೆ ನಿಂತಿದ್ದರು. 'ತಲೆಕೆಳಗೆ ನೆಟ್ಟರೂ ಹಾದಿ ಹುಡುಕುವೆ' ಎಂಬಲ್ಲಿ ಅವರ ತುಟಿ ಅಲುಗಿತು. ಆ ಪದಗಳನ್ನು ಅವರು ತಮ್ಮಷ್ಟಕ್ಕೇ ಹೇಳಿಕೊಂಡರು.

ಹಾಡು ಮುಗಿಯಿತು. ಚಪ್ಪಾಳೆ ಬಿತ್ತು, ಮರ್ಯಾದೆಯ ಚಪ್ಪಾಳೆ. ಕಾಕಾ ಕುರ್ಚಿಗೆ ಮರಳಿದರು. ವಿಲ್ಸನ್ ಬೇಸ್ ಏರಿಸಿ ತನ್ನದೇ ಒಂದು ವಾದ್ಯದ ತುಣುಕು ಹಾಕಿ ಅವಳ ಬಳಿ ಬಂದ.

"ಅವರಿಗೇನೂ ಆಗಲಿಲ್ಲವಲ್ಲ?"

"ಏನಿಲ್ಲ. ನನ್ನನ್ನು ಕಾಪಾಡಿದರು."

"ಹಾಡು ಚೆನ್ನಾಗಿತ್ತು," ಎಂದು ವಿಲ್ಸನ್ ನೆಲ ನೋಡುತ್ತ ಹೇಳಿದ. "ಆದರೆ ಮೊದಲಿನಿಂದ ಶುರುವಾಗಲಿಲ್ಲ. ನನ್ನ ಹಾಡುಗಳಿಗೆ ಒಂದು ರೀತಿ, ನಿನ್ನದಕ್ಕೆ ಒಂದು ರೀತಿ ಮಾಡಲಾಗುವುದಿಲ್ಲ."

"ನಿಮ್ಮ ಕೈ ಗುಂಡಿಗೆ ಹೋಗಿತ್ತು ಚೇಟ್ಟಾ. ನಾನು ನೋಡಿದೆ."

"ಹೋಗಿತ್ತು. ತಲಪಿರಲಿಲ್ಲ."

ನಿಕಿತಾ ವಾದಿಸಲಿಲ್ಲ. ಅವನ ಜಾಗದಲ್ಲಿ ಇದ್ದಿದ್ದರೆ ತಾನೂ ಅದನ್ನೇ ಹೇಳುತ್ತಿದ್ದಳು.

ಹಿಂದೆ, ಬಾಗಿಲ ಬಳಿ, ರಂಜಿತ್ ಕಾಕಾನಿಗೆ ವಿಷಯ ಹೇಳುತ್ತಿದ್ದ. "ಬಡಿಯೋದು ಅಂದ್ರೆ ಇಲ್ಲಿ ಒನ್ಸ್ ಮೋರ್ ಅಂತ ಅಂಕಲ್. ನೀವು ನಿಲ್ಲಿಸದಿದ್ರೆ ಹಾಡು ಗೆದ್ದೇಬಿಡ್ತಿತ್ತು." ಕಾಕಾ ಅವನ ಮುಖವನ್ನೇ ನೋಡಿದರು. ಆಮೇಲೆ ತಮ್ಮ ಕೈ ನೋಡಿಕೊಂಡರು.

"ನಡುವ ಹಾಡಿನ್ಯಾಗ ಒನ್ಸ್ ಮೋರ್?"

"ಹೂಂ ಅಂಕಲ್."

"ನನಗ ಹೇಳಬೇಕೋ ಬ್ಯಾಡೋ?" ಎಂದವರೇ ಎದ್ದರು. ಬಾಗಿಲ ಬಳಿ ಹೋಗಿ ಬೆರಳ ಗಂಟಿನಿಂದ ಟಕ್ ಟಕ್ ಎಂದು ತಟ್ಟಿದರು, ಮ್ಯಾನೇಜರ ಕೋಣೆಗೆ ಒಳಬರಲು ಅಪ್ಪಣೆ ಕೇಳುವವರಂತೆ. ಪಕ್ಕದಲ್ಲಿದ್ದವರಿಗೂ ಕೇಳಿಸಲಿಲ್ಲ.

"ಹಂಗ ತಟ್ಟಿದ್ರ ಇಲಿನೂ ಓಡಂಗಿಲ್ಲ. ಸರೀರಿ ಈಕಡಿ," ಎಂದರು ಕಾಕು. ಸೆರಗು ಸೊಂಟಕ್ಕೆ ಸಿಕ್ಕಿಸಿ ಅಂಗೈ ಬಿಚ್ಚಿ ಹಲಗೆಯ ಮೇಲೆ ಬಡಿದರು. ನಲವತ್ತು ವರ್ಷ ರೊಟ್ಟಿ ಬಡಿದ ಕೈ. ಗೋದಾಮಿನ ಮೂಲೆಮೂಲೆಗೂ ಕೇಳಿಸಿತು.

ವಿಲ್ಸನ್‌ನ ಮುಖ ಅರಳಿತು. ತನ್ನ ತುಣುಕಿಗೆ ಗೋಡೆ ಬಡಿಸಿಕೊಂಡು ಅವನಿಗೆ ಬಹಳ ದಿನವಾಗಿತ್ತು. ಮೇಜಿಗೆ ಓಡಿ ನಿಲ್ಲಿಸಿದ, ಮೊದಲಿನಿಂದ ಶುರು ಮಾಡಿದ. ಕಾಕು ಮತ್ತೆ ಬಡಿದರು. ಅವನು ಎದೆಯುಬ್ಬಿಸಿ ಮತ್ತೆ ಶುರು ಮಾಡಿದ. ಆ ಕೈ ಮೂರನೆಯ ಸಲ ಬಿದ್ದಾಗ ಜನ ತಿರುಗಿ ನೋಡಿದರು. ಕಾಕಾ ಗುಂಪಿನ ನಡುವೆ ದಾರಿ ಮಾಡಿಕೊಂಡು ಅವನ ಮೇಜಿನವರೆಗೆ ಬಂದು, ಬ್ಯಾಂಕಿನ ಕೌಂಟರಿನಲ್ಲಿ ಕಲಿತ ಮಲಯಾಳದಲ್ಲಿ ಹೇಳಿದರು.

"ಇತಲ್ಲ ಮೋನೆ. ಮುಂಬತ್ತೆ ಪಾಟ್ಟ್."

ಇದಲ್ಲ ಮಗನೇ, ಹಿಂದಿನ ಹಾಡು.

ಮುಗಿದುಹೋದ ಹಾಡಿಗೆ ಗೋಡೆ ಬಡಿದವರು ಆ ಗೋದಾಮಿನಲ್ಲಿ ಯಾರೂ ಇರಲಿಲ್ಲ. ಮುಂದಿನ ಸಾಲಿನ ಹುಡುಗಿಯೊಬ್ಬಳು ನಕ್ಕಳು. "ಹಿಂದಿನದು," ಎಂದಳು. ಪಕ್ಕದವಳೂ ಅದನ್ನೇ ಹೇಳಿದಳು. ಮೊದಲು ಬಡಿದಿದ್ದ ಎಡಗೋಡೆಯವರಿಗೆ ಆಗಲೇ ಕೈ ಕಡಿಯುತ್ತಿತ್ತೋ ಏನೋ, ಅವರು ಬಡಿಯತೊಡಗಿದರು. ವಿಲ್ಸನ್ ತಲೆ ಕೆರೆದುಕೊಂಡು ನಿಕಿತಾಳ ಕಡೆ ನೋಡಿದ.

"ಇಂಥದ್ದು ಪದ್ಧತಿಯಲ್ಲಿ ಇಲ್ಲ," ಎಂದ.

"ಮಾಡಬಾರದು ಅಂತಲೂ ಇಲ್ಲ," ಎಂದಳು ಅವಳು. ಮೈಕು ಆಗಲೇ ಕೈಯಲ್ಲಿತ್ತು.

ಈ ಸಲ ಬೇಸ್ ಪೂರ್ತಿ ಇತ್ತು. ಶುಂಠಿಯ ಘಾಟು ಕಣ್ಣಿಗೆ ಬಂತು. ಎರಡನೆಯ ಸಾಲು ಮುಗಿಯುವ ಮೊದಲೇ ಗೋಡೆಗಳು ಅದುರಿದವು, ವಿಲ್ಸನ್ ನಿಲ್ಲಿಸಿ ಮೊದಲಿನಿಂದ ಬಿಟ್ಟ, ಮತ್ತೆ ಅದುರಿದವು. ತನ್ನ ಸ್ವರ ತನಗೇ ಕೇಳಿಸದಷ್ಟು ಗದ್ದಲ. ನಿಕಿತಾ ಕಾಕಾನನ್ನು ಹುಡುಕಿದಳು. ಅವರು ಬಾಗಿಲಿಗೆ ಒರಗಿ ಕೂತಿದ್ದರು, ತುಟಿ ಒಂದೊಂದು ಪದಕ್ಕೂ ಸರಿಯಾಗಿ ಅಲುಗುತ್ತಿತ್ತು. ಅವರಿಗೀಗ ಮಾತು ಕಿವಿಗೆ ಬೀಳಬೇಕಾಗಿರಲಿಲ್ಲ, ಆಗಲೇ ಬಿದ್ದಿತ್ತು.

ಬೆವರು ಒರೆಸಿಕೊಳ್ಳುತ್ತ ಇಳಿದವಳು ಮೊದಲು ಹೋದದ್ದು ವಿಲ್ಸನ್‌ನ ಬಳಿ. "ಇದನ್ನು ಆಲ್ಬಮ್ಮಿನ ಕೊನೆಯಲ್ಲಲ್ಲ, ಮೊದಲಿಗೆ ಹಾಕುವ. ಒಂದನೆಯ ಚರಣಕ್ಕೆ ಬೇಸ್ ಬೇಡ. ಬರೀ ಸ್ವರ, ಸಣ್ಣ ತಾಳ."

"ಬೇಸ್ ಇಲ್ಲದೆ ಶುರುವಾಗುವ ಡ್ಯಾನ್ಸ್‌ಹಾಲ್ ಆಲ್ಬಮ್ಮಾ?"

"ಒಂದು ಸಲ ಮಾತು ಕೇಳಲಿ ಚೇಟ್ಟಾ. ಆಮೇಲೆ ಗೋಡೆ ಬೀಳುವಷ್ಟು ಹಾಕಿ."

ವಿಲ್ಸನ್ ಹೊರಗೆ ನೋಡಿದ. ಗೋದಾಮಿನ ಬಾಗಿಲ ಬಳಿ ಇಬ್ಬರು ಬೋಟಿನವರು, ಅರ್ಥ ಗೊತ್ತಿಲ್ಲದಿದ್ದರೂ, 'ಮಾತಾಡುವ ನಾವು' ಎಂದು ಎಳೆದು ಹಾಡುತ್ತ ಮೆಟ್ಟಿಲಿಳಿಯುತ್ತಿದ್ದರು. "ಸರಿ, ಹಾಕುವ," ಎಂದ.

ಮರಳುವ ಬೋಟಿನಲ್ಲಿ ಬಿಸಿಲು ಇನ್ನೂ ನೀರಿನ ಮೇಲಿತ್ತು. ಕಾಕು ರೊಟ್ಟಿಯ ಗಂಟು ಬಿಚ್ಚಿದರು. ರಂಜಿತ್ ತಿನ್ನುತ್ತಲೇ ಎರಡನೆಯ ಹಾಡಿಗೆ ಇನ್ನೂ ಕೋಪ ಬೇಕಿತ್ತು ಎಂದ. ಕಾಕಾ ಕೈ ತೊಳೆದು, ಪಂಚೆಯ ಅಂಚಿಗೆ ಒರೆಸಿಕೊಂಡು, ಅವಳ ಕಡೆ ತಿರುಗಿದರು.

"ತಂಗಿ, ಒಂದು ಮಾತು ಹೇಳ್ಲೇನು? ಸಿಟ್ಟಾಗಬ್ಯಾಡ."

"ಹೇಳಿ ಕಾಕಾ."

"ಮಾತೆಲ್ಲಾ ಈಗ ಚಂದ ಕೇಳಸ್ತು. ಕೇಳಿಸಿದ ಮ್ಯಾಲೆ ಗೊತ್ತಾತು. ಆ ಮೂರನೇ ಚರಣ ಸ್ವಲ್ಪ ಉದ್ದ ಆತು."

ನಿಕಿತಾ ರೊಟ್ಟಿಯ ತುಂಡಿಗೆ ಚಟ್ನಿ ಹಚ್ಚಿಕೊಂಡಳು.

"ಅದು ಅಷ್ಟೇ ಉದ್ದ ಇರ್ತದೆ ಕಾಕಾ," ಎಂದಳು.